ಇಟಲಿಯ ಕಡಲೂರಲ್ಲಿ ಒಂದು ಒಳ್ಳೇ ಊಟ: ಎಲ್ಲಿ ಕೂರೋದು, ಎಷ್ಟೊತ್ತಿಗೆ, ಎಷ್ಟು ದುಡ್ಡಿಗೆ?

ಮೈಸೂರು, ಮಂಡ್ಯದ ಕಡೆಯಿಂದ ಇಟಲಿಗೆ ಹೊರಟವರಿಗೆ ರೋಮ್, ವೆನಿಸ್, ಫ್ಲಾರೆನ್ಸ್ ಎಲ್ಲ ಟೂರ್‌ನವರೇ ನೋಡಿಕೊಳ್ಳುತ್ತಾರೆ. ತಲೆಬಿಸಿ ಶುರುವಾಗುವುದು ಮಧ್ಯೆ ಸಿಗುವ ಒಂದೆರಡು ಬಿಡುವಿನ ದಿನಕ್ಕೆ. ಸಮುದ್ರದ ದಡದ ಒಂದು ಸಣ್ಣ ಊರಿಗೆ ಹೋಗಬೇಕು, ಸಣ್ಣದೊಂದು ಹೋಟೆಲಲ್ಲಿ ಎಲ್ಲರೂ ಕೂತು ನೆಮ್ಮದಿಯಾಗಿ ಊಟ ಮಾಡಬೇಕು. ಎಲ್ಲಿ ಮಾಡೋದು? ದಡದ ಮೇಲಿನ ರೆಸ್ಟೋರೆಂಟಾ, ಹಿಂದಿನ ಗಲ್ಲಿಯ ಚಿಕ್ಕದಾ, ಪಿಜ್ಜಾ ಸಾಕಾ, ಇಲ್ಲಾ ಏನಾದರೂ ಕಟ್ಟಿಸಿಕೊಂಡು ಹೋಗಿ ಕಡಲ ಎದುರು ಕೂರೋದಾ? ಪ್ರತಿ ಸಲ ಯಾರಾದರೂ ಹೊರಡುವಾಗ ಇದೇ ಪ್ರಶ್ನೆ ಬರುತ್ತದೆ. ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ನಾನು ಹೇಳುತ್ತಿರುವುದು ಲಿಗೂರಿಯಾ ಕಡೆಯ ಊರುಗಳ ಬಗ್ಗೆ. ಇಟಲಿಯ ವಾಯವ್ಯ ಮೂಲೆಯಲ್ಲಿ, ಜೆನೋವಾ ನಗರದ ಎರಡೂ ಬದಿಗೆ, ಬೆಟ್ಟಕ್ಕೂ ಸಮುದ್ರಕ್ಕೂ ಮಧ್ಯೆ ಇರುವ ಸಣ್ಣ ಸಣ್ಣ ಊರುಗಳು. ಕಮೋಲಿ, ಸಾಂತಾ ಮಾರ್ಗರಿತಾ, ಮೊಂಟೆರೊಸ್ಸೊ, ವೆರ್ನಾಜಾ. ಇವುಗಳಲ್ಲಿ ಕೊನೆಯ ಎರಡು ಚಿಂಕ್ವೆ ಟೆರ್ರೆ ಎನ್ನುವ ಐದು ಊರುಗಳ ಗುಂಪಿಗೆ ಸೇರುತ್ತವೆ. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದ ಜಾಗ ಅದು. ಎಲ್ಲಕ್ಕೂ ರೈಲು ಇದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಮುದ್ರ ಕಾಣುವ ಮೇಜು ನೋಡಿ ಹೋಟೆಲು ಆರಿಸಬೇಡಿ. ನಿಮ್ಮ ಜೊತೆ ಕೂರುವವರನ್ನು ನೋಡಿ ಆರಿಸಿ. ಸಮುದ್ರ ಊಟ ಆದ ಮೇಲೂ ಅಲ್ಲೇ ಇರುತ್ತದೆ, ಅದನ್ನು ನೋಡೋಕೆ ದುಡ್ಡು ಕೊಡಬೇಕಾಗಿಲ್ಲ.

ಮೊದಲು ಇಷ್ಟು ತೀರ್ಮಾನ ಮಾಡಿಕೊಳ್ಳಿ

ಎಲ್ಲಕ್ಕಿಂತ ಮೊದಲು, ಯಾರು ಏನು ತಿನ್ನುವುದಿಲ್ಲ? ನಾವು ಮನೆಯಲ್ಲಿ "ವೆಜ್" ಅಂದು ಮುಗಿಸಿಬಿಡುತ್ತೇವೆ. ಅಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ಮೀನು, ಮಾಂಸ ಬೇಡ ಎನ್ನುವವರಿಗೆ ಇಟಲಿಯಲ್ಲಿ ಯಾವ ಕಷ್ಟವೂ ಇಲ್ಲ. ಮೊಟ್ಟೆಯೂ ಬೇಡ ಅಂದರೆ ಸ್ವಲ್ಪ ಕೇಳಿ ತಿಳಿದುಕೊಳ್ಳಬೇಕು, ಯಾಕೆಂದರೆ ಕೈಯಲ್ಲಿ ಮಾಡುವ ತಾಜಾ ಪಾಸ್ತಾಕ್ಕೆ ಎಷ್ಟೋ ಕಡೆ ಮೊಟ್ಟೆ ಹಾಕುತ್ತಾರೆ. ಪ್ಯಾಕೆಟ್ಟಿನ ಒಣ ಪಾಸ್ತಾ ಸಾಮಾನ್ಯವಾಗಿ ಗೋಧಿ ರವೆ, ನೀರು ಅಷ್ಟೇ.

ಚೀಸ್ ವಿಷಯ ಇನ್ನೂ ಸೂಕ್ಷ್ಮ. ಪಾರ್ಮಿಜಾನೊ ರೆಜ್ಜಾನೊ ಎನ್ನುವ ಗಟ್ಟಿ ಚೀಸ್ ಮಾಡುವಾಗ ಹಾಲನ್ನು ಗಟ್ಟಿ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬಳಸಬೇಕು ಎನ್ನುವುದು ಅದರ ನಿಯಮದಲ್ಲೇ ಇದೆ. ಹಾಗಾಗಿ ಅದು ಬಿದ್ದ ಪೆಸ್ಟೊ ಎನ್ನುವ ಹಸಿರು ಸಾಸು, ಸೂಪು, ಪಾಸ್ತಾ ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಕೆಲವರು ಪರವಾಗಿಲ್ಲ ಎನ್ನುತ್ತಾರೆ, ಕೆಲವರಿಗೆ ಖಂಡಿತ ಆಗುವುದಿಲ್ಲ. ಇದನ್ನು ವಿಮಾನ ಹತ್ತುವ ಮೊದಲೇ, ಮನೆಯಲ್ಲಿ ಕೂತು ಅಜ್ಜಿ, ಅತ್ತೆ ಎಲ್ಲರನ್ನೂ ಕೇಳಿ ತೀರ್ಮಾನಿಸಿ. ಮೇಜಿನ ಮುಂದೆ ಕೂತ ಮೇಲೆ ಈ ಮಾತು ಎತ್ತಿದರೆ ಎಲ್ಲರ ಹಸಿವೂ ಹಾಳಾಗುತ್ತದೆ.

ಆಮೇಲೆ ಹೊತ್ತು. ಅಲ್ಲಿ ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆ. ರಾತ್ರಿ ಊಟ ಏಳೂವರೆ ಮೇಲೆ. ನಡುವೆ ಬಹಳಷ್ಟು ಅಡುಗೆಮನೆ ಮುಚ್ಚಿರುತ್ತವೆ. ನಾಲ್ಕೂವರೆಗೆ ಒಂದು ತಿಂಡಿ, ಕಾಫಿ ಆಗಲೇಬೇಕು ಎನ್ನುವ ನಮ್ಮ ಜನಕ್ಕೆ ಇದು ದೊಡ್ಡ ಪೆಟ್ಟು. ಇದರ ಜೊತೆ ಇನ್ನೊಂದು ಸೇರಿಸಿಕೊಳ್ಳಿ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಎಂಟಕ್ಕೆ ಕೂತರೂ ಬೆಳಕು ಇರುತ್ತದೆ. ಸೂರ್ಯಾಸ್ತ ನೋಡುತ್ತಾ ಊಟ ಮಾಡುವ ಆಸೆ ಇದ್ದರೆ ಮಕ್ಕಳು ಅಷ್ಟೊತ್ತಿಗೆ ಎಚ್ಚರ ಇರುತ್ತಾರಾ ಎಂದು ಯೋಚಿಸಿ.

ದುಡ್ಡಿನ ವಿಷಯಕ್ಕೆ ಒಂದು ಯೂರೋ ಅಂದರೆ ನೂರು ರೂಪಾಯಿ ಆಸುಪಾಸು ಎಂದು ಇಟ್ಟುಕೊಳ್ಳಿ, ಲೆಕ್ಕ ಸುಲಭ. ಕೊನೆಯದಾಗಿ ಕಾಲು. ಈ ಊರುಗಳಲ್ಲಿ ಮೆಟ್ಟಿಲು ಜಾಸ್ತಿ. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಸ್ಟೇಷನ್ನಿಂದ ಹೋಟೆಲಿಗೆ ಎಷ್ಟು ಹತ್ತಬೇಕು ಎನ್ನುವುದೇ ಮೊದಲ ಪ್ರಶ್ನೆ.

ದಡದ ಮೇಲಿನ ರೆಸ್ಟೋರೆಂಟ್

ಫೋಟೊದಲ್ಲಿ ಎಲ್ಲರೂ ನೋಡಿರುವುದು ಇದನ್ನೇ. ಬಿಳಿ ಮೇಜುಬಟ್ಟೆ, ಕೆಳಗೆ ನೀರು, ದೋಣಿಗಳು. ಚೆನ್ನಾಗಿಯೇ ಇರುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಆ ಜಾಗದ ಬಾಡಿಗೆ ನಿಮ್ಮ ತಟ್ಟೆಯಲ್ಲೇ ಸೇರಿರುತ್ತದೆ. ಒಂದು ಪಾಸ್ತಾ ಸುಮಾರು 16ರಿಂದ 20 ಯೂರೋ, ಮೀನಿನ ತಟ್ಟೆ 25 ದಾಟುವುದು ಮಾಮೂಲು.

ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಇಡೀ ಮೀನಿನ ಎದುರು ಬರೆದಿರುವ ಬೆಲೆ ಎಷ್ಟೋ ಸಲ ಮೀನಿನದ್ದಲ್ಲ, ನೂರು ಗ್ರಾಮಿನದ್ದು. ಪಕ್ಕದಲ್ಲಿ ಚಿಕ್ಕದಾಗಿ "ಅಲ್ಲೆತ್ತೊ" ಎಂದು ಬರೆದಿರುತ್ತದೆ. ನನಗೆ ಗೊತ್ತಿರುವ ಕುವೆಂಪುನಗರದ ದಂಪತಿ 8 ಯೂರೋ ಎಂದು ನೋಡಿ, ಅಷ್ಟೇ ತಾನೇ ಎಂದು ಇಬ್ಬರಿಗೂ ಸೇರಿ ಒಂದು ಮೀನು ಹೇಳಿದರು. ಬಂದ ಮೀನು 900 ಗ್ರಾಂ. ಬಿಲ್ಲಿನಲ್ಲಿ ಮೀನೊಂದೇ 72 ಯೂರೋ, ಅಂದರೆ ನಮ್ಮ ಏಳು ಸಾವಿರ ಚಿಲ್ಲರೆ. ಹೋಟೆಲಿನವರು ಮೋಸ ಮಾಡಲಿಲ್ಲ, ಮೆನುವಿನಲ್ಲೇ ಇತ್ತು. ಆದರೆ ಮೀನು ಒಲೆಗೆ ಹೋಗುವ ಮೊದಲು ತೂಕ ಎಷ್ಟು, ಒಟ್ಟು ಎಷ್ಟಾಗುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿ. ಅಲ್ಲಿನ ಜನವೂ ಕೇಳುತ್ತಾರೆ, ಅದರಲ್ಲಿ ನಾಚಿಕೆ ಏನಿಲ್ಲ.

ಇನ್ನೊಂದು, ಐಟಂ ಪಕ್ಕ ನಕ್ಷತ್ರದ ಗುರುತು ಇದ್ದರೆ ಕೆಳಗಡೆ ಓದಿ. ಸಾಮಾನ್ಯವಾಗಿ ಅದು ಫ್ರೋಜನ್ ಪದಾರ್ಥ ಎನ್ನುವ ಸೂಚನೆ. ಸಮುದ್ರದ ಪಕ್ಕ ಕೂತು ಫ್ರೀಜರಿನ ಸಿಗಡಿಗೆ ಅಷ್ಟು ದುಡ್ಡು ಯಾಕೆ ಕೊಡಬೇಕು?

ಯಾರಿಗೆ ಇದು ಸರಿ? ಮದುವೆ ವಾರ್ಷಿಕೋತ್ಸವಕ್ಕೆ ಬಂದ ಇಬ್ಬರಿಗೆ. ಮೀನು ಇಷ್ಟಪಡುವವರಿಗೆ. ಎರಡು ಗಂಟೆ ಸುಮ್ನೆ ಕೂರುವುದಕ್ಕೆ ಪುರಸೊತ್ತು ಇರುವವರಿಗೆ. ಸಸ್ಯಾಹಾರಿಗಳು ಇಲ್ಲಿ ದುಡ್ಡು ಸುರಿಯಬೇಡಿ ಎಂದೇ ನನ್ನ ಸಲಹೆ. ಇಂಥ ಜಾಗದ ಜೀವ ಇರುವುದು ಮೀನಿನಲ್ಲಿ, ನಿಮಗೆ ಸಿಗುವುದು ಟೊಮೆಟೊ ಪಾಸ್ತಾ. ಅದೇ ಪಾಸ್ತಾ ಹಿಂದಿನ ಗಲ್ಲಿಯಲ್ಲಿ ಇನ್ನೂ ಚೆನ್ನಾಗಿ, ಇನ್ನೂ ಕಡಿಮೆಗೆ ಸಿಗುತ್ತದೆ.

ಹಿಂದಿನ ಗಲ್ಲಿಯ ಟ್ರಟ್ಟೋರಿಯಾ

ಒಂದೇ ಒಂದು ಊಟಕ್ಕೆ ಖರ್ಚು ಮಾಡುತ್ತೀರಿ ಎಂದಾದರೆ ಇಲ್ಲಿ ಮಾಡಿ, ಅದೂ ಮಧ್ಯಾಹ್ನ ಮಾಡಿ.

ಟ್ರಟ್ಟೋರಿಯಾ ಅಂದರೆ ಮನೆಯವರೇ ಸೇರಿ ನಡೆಸುವ, ಊರಿನ ಅಡುಗೆ ಮಾಡುವ ಸಾದಾ ಹೋಟೆಲು. ಓಸ್ಟೇರಿಯಾ ಎಂದೂ ಬೋರ್ಡು ಇರುತ್ತದೆ. ಈಗೀಗ ಬೋರ್ಡು ನೋಡಿ ನಂಬುವ ಹಾಗಿಲ್ಲ, ಓಸ್ಟೇರಿಯಾ ಎಂದು ಬರೆದುಕೊಂಡು ದುಬಾರಿ ಊಟ ಹಾಕುವವರೂ ಇದ್ದಾರೆ. ಆದ್ದರಿಂದ ಬಾಗಿಲ ಪಕ್ಕ ತೂಗುಹಾಕಿರುವ ಮೆನು ಓದಿ. ಬೆಲೆ ಅಲ್ಲೇ ಇರುತ್ತದೆ. ಐಟಂ ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದೇ ಹಾಳೆ, ಅದರಲ್ಲಿ ಪೆಸ್ಟೊ, ಪನ್ಸೋಟಿ, ಅಚ್ಯೂಗೆ ಇಂಥ ಆ ಕಡೆಯ ಅಡುಗೆಯ ಹೆಸರುಗಳು ಕಂಡರೆ ಒಳಗೆ ಹೋಗಿ. ಲಿಗೂರಿಯಾದಲ್ಲಿ ಕೂತು ಕಾರ್ಬೊನಾರಾ, ಬೊಲೊನೀಸ್‌ನಂಥ ಬೇರೆ ಊರಿನ ಪಾಸ್ತಾ ಎಲ್ಲವನ್ನೂ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಯಾವುದೂ ಚೆನ್ನಾಗಿರುವುದಿಲ್ಲ.

ಅಲ್ಲಿ ಹೇಳಬೇಕಾದ ತಟ್ಟೆ ಯಾವುದು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಪೆಸ್ಟೊ ಹಾಕಿದ ಟ್ರೋಫಿಯೆ. ಟ್ರೋಫಿಯೆ ಅಂದರೆ ಬೆರಳಲ್ಲಿ ಹೊಸೆದ, ತುದಿ ಚೂಪಾದ ಗಿಡ್ಡ ಪಾಸ್ತಾ. ಸಾಮಾನ್ಯವಾಗಿ ಹಿಟ್ಟು, ನೀರು ಅಷ್ಟೇ, ಮೊಟ್ಟೆ ಇರುವುದಿಲ್ಲ. ಒಂದೇ ಪಾತ್ರೆಯ ಕುದಿಯುವ ನೀರಿಗೆ ಆಲೂಗಡ್ಡೆ ಹೋಳು, ಹುರುಳಿಕಾಯಿ, ಪಾಸ್ತಾ ಎಲ್ಲ ಹಾಕಿ ಬೇಯಿಸುತ್ತಾರೆ. ಪೆಸ್ಟೊವನ್ನು ಮಾತ್ರ ಒಲೆಗೆ ಇಡುವುದಿಲ್ಲ. ತುಳಸಿ ಜಾತಿಯ ಬೇಸಿಲ್ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಉಪ್ಪು, ಆಲಿವ್ ಎಣ್ಣೆ, ಚೀಸ್ ಇಷ್ಟನ್ನು ಹಸಿಯಾಗಿ ಅರೆದು, ಪಾಸ್ತಾ ಬೆಂದ ನೀರನ್ನೇ ಒಂದೆರಡು ಚಮಚ ಬಿಟ್ಟು ಸಡಿಲ ಮಾಡಿ ಕಲಸುತ್ತಾರೆ. ತಟ್ಟೆ ಬಂದಾಗ ಆಲೂಗಡ್ಡೆಯ ಅಂಚು ಕರಗಿ ಸಾಸಿಗೇ ಸೇರಿಕೊಂಡಿರುತ್ತದೆ, ಹುರುಳಿಕಾಯಿ ಇನ್ನೂ ಕಚ್ಚಿದರೆ ಸದ್ದು ಬರುವ ಹಾಗಿರುತ್ತದೆ. ಆ ಹಸಿರು ವಾಸನೆಗೆ ಪಕ್ಕದ ಮೇಜಿನವರೂ ತಿರುಗಿ ನೋಡುತ್ತಾರೆ. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಪೆಸ್ಟೊ ತಿಂದು ಇದು ಇಷ್ಟೇ ಎಂದುಕೊಂಡವರು ದಯವಿಟ್ಟು ಒಂದು ಸಲ ಇದನ್ನು ತಿನ್ನಿ. ಜೆನೋವಾದ ಬೇಸಿಲ್‌ಗೆ 2005ರಿಂದ ಯುರೋಪಿನ ಡಿಒಪಿ ರಕ್ಷಣೆ ಇದೆ, ನಮ್ಮ ನಂಜನಗೂಡು ರಸಬಾಳೆಗೆ ಜಿಐ ಟ್ಯಾಗ್ ಇದ್ದ ಹಾಗೆ.

ಮೊಟ್ಟೆ ತಿನ್ನುವವರಾದರೆ ಪನ್ಸೋಟಿಯನ್ನೂ ಬಿಡಬೇಡಿ. ಕಾಡು ಸೊಪ್ಪು ತುಂಬಿದ ಪಾಸ್ತಾ, ಮೇಲೆ ಆಕ್ರೋಟಿನ ಬಿಳಿ ಸಾಸು. ಮಾಂಸ ಇಲ್ಲ, ಮೀನಿಲ್ಲ. ಅಪ್ಪ ಅಮ್ಮಂದಿರಿಗೆ ತರಕಾರಿಯ ಮಿನೆಸ್ಟ್ರೋನೆ ಸೂಪು ಒಗ್ಗುತ್ತದೆ, ಜೆನೋವಾ ಕಡೆ ಅದಕ್ಕೂ ಪೆಸ್ಟೊ ಹಾಕುತ್ತಾರೆ. ರಿಸೊಟ್ಟೊ ಅನ್ನವೇ ಅಲ್ವಾ ಎಂದು ಹೇಳಿಬಿಡಬೇಡಿ. ಅದನ್ನು ಬೇಯಿಸುವುದು ಮಾಂಸದ ಅಥವಾ ಮೀನಿನ ಸಾರಿನಲ್ಲಿ ಇರಬಹುದು. "ಬ್ರೋಡೊ ವೆಜೆತಾಲೆ?" ಅಂದರೆ ತರಕಾರಿ ಸಾರಾ ಎಂದು ಕೇಳಿ, ಹೌದು ಅಂದರೆ ಮಾತ್ರ ಹೇಳಿ. ಎಷ್ಟೋ ಕಡೆ ರಿಸೊಟ್ಟೊ ಕಡಿಮೆ ಅಂದರೆ ಇಬ್ಬರಿಗೆ ಹೇಳಬೇಕು.

ಮಾಂಸಾಹಾರಿಗಳಿಗೆ ಅಚ್ಯೂಗೆ ಅಂದರೆ ಆಂಕೊವಿ ಎನ್ನುವ ಪುಟ್ಟ ಮೀನು. ಮೊಂಟೆರೊಸ್ಸೊ ಅದಕ್ಕೇ ಹೆಸರುವಾಸಿ. ನಿಂಬೆರಸದಲ್ಲಿ ನೆನೆಸಿದ್ದು, ಕರಿದದ್ದು, ಆಲೂಗಡ್ಡೆ ಟೊಮೆಟೊ ಜೊತೆ ಬೇಯಿಸಿದ್ದು, ಎಲ್ಲ ಸಿಗುತ್ತದೆ. ದೊಡ್ಡ ಮೀನಿನಷ್ಟು ದುಬಾರಿಯೂ ಅಲ್ಲ. ಆಲಿವ್, ಪೈನ್ ಬೀಜ ಹಾಕಿದ ಮೊಲದ ಮಾಂಸವೂ ಆ ಕಡೆಯ ಹಳೇ ಅಡುಗೆ. ಮಂಡ್ಯದ ಬಾಡೂಟದ ಖಾರ ನೆನೆಸಿಕೊಂಡು ಹೋದವರಿಗೆ ಎಲ್ಲವೂ ಸಪ್ಪೆ ಎನಿಸುತ್ತದೆ, ಅದಂತೂ ನಿಜ. "ಪೆಪೆರೊಂಚೀನೊ" ಎಂದು ಕೇಳಿದರೆ ಒಣಮೆಣಸಿನ ಪುಡಿಯೋ, ಖಾರದ ಎಣ್ಣೆಯೋ ತಂದಿಡುತ್ತಾರೆ.

ಮಕ್ಕಳಿಗೆ "ಪಾಸ್ತಾ ಇನ್ ಬಿಯಾಂಕೊ" ಹೇಳಿ. ಬರೀ ಬೆಣ್ಣೆ ಅಥವಾ ಎಣ್ಣೆ ಹಾಕಿದ ಬಿಳಿ ಪಾಸ್ತಾ. ಮೆನುವಿನಲ್ಲಿ ಇಲ್ಲದಿದ್ದರೂ ಮಾಡಿಕೊಡುತ್ತಾರೆ. ಇಟಲಿಯ ಮಕ್ಕಳೂ ಅದನ್ನೇ ತಿನ್ನುವುದು.

ಮಧ್ಯಾಹ್ನವೇ ಯಾಕೆ? ರಾತ್ರಿ ಎಂಟೂವರೆಗೆ ಹಸಿದ ಮಕ್ಕಳನ್ನು ಇಟ್ಟುಕೊಂಡು ಒಂದೊಂದೇ ತಟ್ಟೆಗೆ ಕಾಯುವುದು ಯಾರಿಗೂ ಸುಖ ಅಲ್ಲ. ಹನ್ನೆರಡೂವರೆಗೆ ಬಾಗಿಲು ತೆಗೆದ ಕೂಡಲೇ ಕೂತರೆ ಜಾಗ ಸಿಗುತ್ತದೆ, ಅಡುಗೆಮನೆಯವರಿಗೂ ನಿಮ್ಮ ಮಾತು ಕೇಳುವ ವ್ಯವಧಾನ ಇರುತ್ತದೆ. ಮೊಟ್ಟೆ ಇದೆಯಾ, ಚೀಸ್ ಬಿಡಬಹುದಾ ಎಂದು ವಿಚಾರಿಸಬೇಕಾದ ನಮ್ಮಂಥವರಿಗೆ ಆ ವ್ಯವಧಾನ ಬಹಳ ಮುಖ್ಯ. ಒಂದು ಅಪವಾದ ಇದೆ. ಚಿಂಕ್ವೆ ಟೆರ್ರೆಯಲ್ಲಿ ಮಧ್ಯಾಹ್ನ ಒಂದು ದಿನಕ್ಕೆ ಬಂದುಹೋಗುವವರ ಜನಜಂಗುಳಿ. ಲಾ ಸ್ಪೇಜಿಯಾ ಬಂದರಿಗೆ ಕ್ರೂಸ್ ಹಡಗು ಬಂದ ದಿನ ಕೇಳಲೇಬೇಡಿ. ನೀವು ಆ ಊರಲ್ಲೇ ರಾತ್ರಿ ಉಳಿಯುತ್ತೀರಿ ಎಂದರೆ ಸಂಜೆ ಅವರೆಲ್ಲ ರೈಲು ಹತ್ತಿದ ಮೇಲೆ ಊಟಕ್ಕೆ ಹೋಗುವುದೇ ಸರಿ.

ಬಿಲ್ಲಿನಲ್ಲಿ "ಕೊಪೆರ್ತೊ" ಎಂದು ತಲೆಗೆ ಒಂದೂವರೆಯಿಂದ ಮೂರು ಯೂರೋ ಇರುತ್ತದೆ. ಕೂತದ್ದಕ್ಕೆ, ಬ್ರೆಡ್ಡಿಗೆ ಸೇರಿ ಹಾಕುವ ದುಡ್ಡು. ಎಲ್ಲರಿಗೂ ಹಾಕುತ್ತಾರೆ, ನಮ್ಮನ್ನು ನೋಡಿ ಹಾಕಿದ್ದಲ್ಲ. ಟಿಪ್ಸ್ ಕೊಡಲೇಬೇಕು ಅಂತಿಲ್ಲ. ನೀವಾಗಿ ಕೇಳುವ ತನಕ ಬಿಲ್ ತರುವುದಿಲ್ಲ, ತರದಿರುವುದೇ ಅಲ್ಲಿ ಮರ್ಯಾದೆ. "ಇಲ್ ಕೊಂತೊ ಪೆರ್ ಫವೋರೆ" ಎಂದರೆ ಸಾಕು. ಮೊದಲ ತಟ್ಟೆ, ಎರಡನೇ ತಟ್ಟೆ, ಸಿಹಿ ಎಂದು ಪಟ್ಟಿ ಉದ್ದ ಇದ್ದರೂ ಒಬ್ಬೊಬ್ಬರು ಒಂದೊಂದು ಪಾಸ್ತಾ ತಿಂದು ಎದ್ದರೆ ಯಾರೂ ಮುಖ ಸಿಂಡರಿಸುವುದಿಲ್ಲ. ನಾಲ್ಕು ಜನಕ್ಕೆ ನಾಲ್ಕು ಪಾಸ್ತಾ, ನೀರು, ಹಂಚಿಕೊಳ್ಳಲು ಒಂದು ಸಿಹಿ, ಕೊಪೆರ್ತೊ ಎಲ್ಲ ಸೇರಿ ಸುಮಾರು 80 ಯೂರೋ.

ಪಿಜ್ಜೇರಿಯಾ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಮಾರ್ಗರಿತಾ ಪಿಜ್ಜಾ ಒಂದಕ್ಕೆ 7ರಿಂದ 10 ಯೂರೋ. ತೆಳ್ಳಗಿರುತ್ತದೆ, ದೊಡ್ಡವರಿಗೆ ತಲೆಗೊಂದು ಬೇಕು. ನಾಲ್ಕು ಜನರ ಕುಟುಂಬ 50 ಯೂರೋ ಒಳಗೆ ಹೊಟ್ಟೆ ತುಂಬ ತಿಂದು ಬರಬಹುದು. ಮಕ್ಕಳ ತಕರಾರು ಇರುವುದಿಲ್ಲ. ಕಟ್ಟಿಗೆ ಒಲೆಯ ಪಿಜ್ಜಾ ಬಹಳ ಕಡೆ ಸಂಜೆ ಮಾತ್ರ ಶುರು, ಮಧ್ಯಾಹ್ನ ಹೋಗಿ ಪಿಜ್ಜಾ ಇಲ್ಲ ಎನಿಸಿಕೊಳ್ಳಬೇಡಿ.

ಕಟ್ಟುನಿಟ್ಟಿನ ಸಸ್ಯಾಹಾರಿಗಳು ಗಮನಿಸಬೇಕಾದ್ದು ಮರಿನಾರಾ ಪಿಜ್ಜಾ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ. ಚೀಸೂ ಇಲ್ಲ, ಮೀನೂ ಇಲ್ಲ, ಹಾಗಾಗಿ ರೆನ್ನೆಟ್ಟಿನ ಯೋಚನೆಯೇ ಇಲ್ಲ. ಬೆಳ್ಳುಳ್ಳಿ ಬೇಡ ಅಂದರೆ ಬಿಟ್ಟು ಮಾಡಿಕೊಡುತ್ತಾರೆ. ಎಲ್ಲಕ್ಕಿಂತ ಅಗ್ಗದ ಪಿಜ್ಜಾವೂ ಅದೇ. ಅದೇ ಹೆಸರಿನ ಪಾಸ್ತಾ ಕಂಡರೆ ಮಾತ್ರ ಎಚ್ಚರ, ಅದಕ್ಕೆ ಎಷ್ಟೋ ಕಡೆ ಸಮುದ್ರದ ಜೀವಿಗಳನ್ನೇ ಹಾಕಿರುತ್ತಾರೆ.

ಆದರೂ ಒಂದು ಮಾತು. ಪಿಜ್ಜಾ ಬೆಳೆದ ಊರು ನೇಪಲ್ಸ್, ಲಿಗೂರಿಯಾ ಅಲ್ಲ. ಒಂದೇ ದಿನ ಇರುವವರು ಅದನ್ನೇ ತಿಂದು ಬಂದರೆ ಆ ಕಡೆಯ ರುಚಿ ಏನೆಂದು ತಿಳಿಯದೇ ಹೋಗುತ್ತದೆ.

ಕಟ್ಟಿಸಿಕೊಂಡು ಹೋಗಿ ದಡದಲ್ಲಿ ಕೂರುವುದು

ನನ್ನನ್ನು ಕೇಳಿದರೆ ಟ್ರಟ್ಟೋರಿಯಾ ಬಿಟ್ಟರೆ ಎರಡನೇ ಜಾಗ ಇದಕ್ಕೇ. ಫೊಕಾಚೇರಿಯಾ ಎನ್ನುವ ಅಂಗಡಿಗಳು ಬೆಳಿಗ್ಗೆಯೇ ತೆರೆದಿರುತ್ತವೆ. ನಮ್ಮ ನಾಲ್ಕೂವರೆ ತಿಂಡಿಯ ಕಷ್ಟ ಇಲ್ಲಿಗೆ ಪರಿಹಾರ. ಫೊಕಾಚ್ಚಾ ಅಂದರೆ ಬೆರಳಲ್ಲಿ ಒತ್ತಿ ಗುಳಿ ಮಾಡಿ, ಆ ಗುಳಿಯಲ್ಲೆಲ್ಲ ಆಲಿವ್ ಎಣ್ಣೆ ನಿಲ್ಲುವಂತೆ ಬೇಯಿಸಿದ ಚಪ್ಪಟೆ ಬ್ರೆಡ್ಡು. ತೂಕಕ್ಕೆ ಕತ್ತರಿಸಿ ಕೊಡುತ್ತಾರೆ. ಒಂದು ತುಂಡು ಎರಡರಿಂದ ನಾಲ್ಕು ಯೂರೋ. "ಸ್ಟ್ರುಟ್ಟೊ" ಹಾಕಿದ್ದೀರಾ ಎಂದು ಒಂದು ಸಲ ಕೇಳಿ, ಅದು ಹಂದಿ ಕೊಬ್ಬು. ಲಿಗೂರಿಯಾದ ಪದ್ಧತಿ ಆಲಿವ್ ಎಣ್ಣೆಯದ್ದೇ, ಆದರೂ ಕೇಳಿಬಿಡುವುದು ಒಳ್ಳೆಯದು.

ಕಮೋಲಿ ಪಕ್ಕದ ರೆಕ್ಕೊ ಊರಿನ ಚೀಸ್ ಫೊಕಾಚ್ಚಾ ಬೇರೆಯೇ. ಕಾಗದದಷ್ಟು ತೆಳ್ಳಗಿನ ಎರಡು ಹಾಳೆಗಳ ಮಧ್ಯೆ ಮೆತ್ತನೆ ಚೀಸ್ ಇಟ್ಟು ಬೇಯಿಸುತ್ತಾರೆ. ಬಿಸಿ ಇರುವಾಗಲೇ ತಿನ್ನಬೇಕು, ಕಟ್ಟಿಸಿಕೊಂಡು ಹೋದರೆ ರುಚಿ ಕೆಡುತ್ತದೆ.

ಈಗ ಫರಿನಾಟಾ. ಇದನ್ನು ಮೈಸೂರಿನ ಯಾರಿಗೆ ತಿನ್ನಿಸಿದರೂ ಮುಖ ಅರಳುತ್ತದೆ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ. ಇಷ್ಟೇ. ಮೊಟ್ಟೆ ಇಲ್ಲ, ಹಾಲಿಲ್ಲ, ಚೀಸ್ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಿಟ್ಟನ್ನು ಗಂಟೆಗಟ್ಟಲೆ ನೆನೆಯಲು ಬಿಟ್ಟು, ಅಗಲವಾದ ತಾಮ್ರದ ತಟ್ಟೆಗೆ ತೆಳ್ಳಗೆ ಹುಯ್ದು, ಕಟ್ಟಿಗೆ ಒಲೆಯೊಳಗೆ ತಳ್ಳುತ್ತಾರೆ. ಹೊರಗೆ ಬಂದಾಗ ಮೇಲ್ಭಾಗ ಅಲ್ಲಲ್ಲಿ ಕಂದು ಚುಕ್ಕೆ ಬಿದ್ದು ಗರಿಗರಿ, ಒಳಗೆ ಮೆತ್ತಗೆ, ಹುರಿದ ಕಡಲೆಹಿಟ್ಟಿನ ಘಮ. ಮೇಲೆ ಕಾಳುಮೆಣಸು ಕುಟ್ಟಿ ಉದುರಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಮನೆಯಿಂದ ತಂದ ಚಟ್ನಿಪುಡಿ ಇದರ ಮೇಲೆ ಉದುರಿಸಿಕೊಂಡರೆ ಅಜ್ಜಿಯಂದಿರೂ ಇನ್ನೊಂದು ತುಂಡು ಕೇಳುತ್ತಾರೆ. ಎಲ್ಲ ಅಂಗಡಿಯಲ್ಲೂ, ಎಲ್ಲ ಹೊತ್ತಿನಲ್ಲೂ ಸಿಗುವುದಿಲ್ಲ, ಒಲೆಯಿಂದ ಯಾವಾಗ ಬರುತ್ತದೆ ಎಂದು ಕೇಳಿಟ್ಟುಕೊಂಡು ಆ ಹೊತ್ತಿಗೆ ಹೋಗಿ.

ಅನನುಕೂಲ ಏನು? ಕೂರುವುದಕ್ಕೆ ಕುರ್ಚಿ ಇಲ್ಲ. ಕಮೋಲಿಯ ದಡ ಮರಳಲ್ಲ, ಬೆಣಚು ಕಲ್ಲು. ವಯಸ್ಸಾದವರಿಗೆ ಅದರ ಮೇಲೆ ಕೂರುವುದು, ಏಳುವುದು ಎರಡೂ ಕಷ್ಟ, ಅವರಿಗೆ ಮೇಲಿನ ರಸ್ತೆಯ ಬೆಂಚು ಹುಡುಕಿ. ಮರಳು ಬೇಕೆಂದರೆ ಮೊಂಟೆರೊಸ್ಸೊ ವಾಸಿ. ಛತ್ರಿ, ಕುರ್ಚಿ ಸಾಲಾಗಿ ಹಾಕಿರುವ ಜಾಗ ಬಾಡಿಗೆಯದ್ದು, ಬಿಟ್ಟಿ ಕೂರಬಹುದಾದ ಜಾಗಕ್ಕೆ "ಸ್ಪಿಯಾಜ್ಜಾ ಲಿಬೆರಾ" ಎಂದು ಬೋರ್ಡು ಇರುತ್ತದೆ. ಕಡಲಹಕ್ಕಿಗಳು ಮಕ್ಕಳ ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ, ಜೋಪಾನ. ನಾಲ್ಕು ಜನಕ್ಕೆ 20 ಯೂರೋ ಒಳಗೆ ಮುಗಿಯುತ್ತದೆ.

ಅಪೆರಿತಿವೊ

ಸಂಜೆ ಆರರಿಂದ ಎಂಟರ ನಡುವೆ ಬಾರ್‌ಗಳಲ್ಲಿ ಒಂದು ಪಾನೀಯದ ಜೊತೆ ಆಲಿವ್, ಚಿಪ್ಸ್, ಫೊಕಾಚ್ಚಾ ತುಂಡು ಕೊಡುತ್ತಾರೆ. ಕುಡಿಯದವರಿಗೆ ಕ್ರೊಡೀನೊ ಅಥವಾ ಕಿನೊಟ್ಟೊ ಎನ್ನುವ ಕಹಿಸಿಹಿ ಸೋಡಾ ಇದೆ. ತಲೆಗೆ ಐದರಿಂದ ಹತ್ತು ಯೂರೋ. ಸಮುದ್ರ ಕಾಣುವ ಮೇಜು ಬೇಕು, ದೊಡ್ಡ ಬಿಲ್ ಬೇಡ ಎನ್ನುವವರಿಗೆ ಇದೇ ದಾರಿ. ದಡದ ಮೇಲೆ ಅಪೆರಿತಿವೊ, ಊಟ ಹಿಂದಿನ ಗಲ್ಲಿಯಲ್ಲಿ. ಇದನ್ನೇ ಊಟ ಎಂದುಕೊಂಡರೆ ಮಾತ್ರ ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಚುರುಗುಟ್ಟುತ್ತದೆ, ಆಗ ಎಲ್ಲ ಮುಚ್ಚಿರುತ್ತದೆ.

ಅಡುಗೆಮನೆ ಇರುವ ರೂಮು

ವಾರಗಟ್ಟಲೆ ಪಾಸ್ತಾ ತಿಂದು ಸಾಕಾಗಿ ಅಪ್ಪ "ಒಂದು ತುತ್ತು ಮೊಸರನ್ನ ಸಿಕ್ಕಿದ್ದರೆ" ಎಂದರೆ ಅದನ್ನು ತಮಾಷೆ ಮಾಡಬೇಡಿ. ಅರವತ್ತು ದಾಟಿದವರಿಗೆ ಅದು ನಿಜವಾದ ಅಗತ್ಯ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದರೆ ಅಂಗಡಿಯಲ್ಲಿ ಅಕ್ಕಿ, ಸಿಹಿ ಹಾಕದ ಬಿಳಿ ಯೋಗರ್ಟ್, ತರಕಾರಿ ಎಲ್ಲ ಸಿಗುತ್ತದೆ. ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಮನೆಯಿಂದ ಒಯ್ಯಿರಿ. ತುಪ್ಪ ಬೇಡ. ಯುರೋಪಿನ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ, ಏರ್‌ಪೋರ್ಟಲ್ಲಿ ತೆಗೆದಿಡುತ್ತಾರೆ. ರಾತ್ರಿ ಮನೆಯಲ್ಲಿ ಅನ್ನ ಸಾರು, ಮಧ್ಯಾಹ್ನ ಟ್ರಟ್ಟೋರಿಯಾ ಎಂದು ಹಂಚಿಕೊಂಡರೆ ಎಲ್ಲರೂ ಖುಷಿಯಾಗಿರುತ್ತಾರೆ.

ಯಾರಿಗೆ ಯಾವುದು

ಇಬ್ಬರೇ ಹೋಗಿದ್ದೀರಿ, ಮೀನು ತಿನ್ನುತ್ತೀರಿ, ಸ್ವಲ್ಪ ಖರ್ಚು ಮಾಡಲು ತಯಾರಿದ್ದೀರಿ ಎಂದರೆ ದಡದ ರೆಸ್ಟೋರೆಂಟ್ ರಾತ್ರಿಗೆ ಇಟ್ಟುಕೊಳ್ಳಿ, ತೂಕ ಕೇಳಿ ಮೀನು ಹೇಳಿ. ಸಣ್ಣ ಮಕ್ಕಳಿದ್ದರೆ ಮಧ್ಯಾಹ್ನ ಟ್ರಟ್ಟೋರಿಯಾ, ಸಂಜೆ ಪಿಜ್ಜಾ, ನಡುವೆ ಫೊಕಾಚ್ಚಾ. ದೊಡ್ಡವರು, ಕಟ್ಟುನಿಟ್ಟಿನ ಆಹಾರ ಇರುವವರು ಜೊತೆಗಿದ್ದರೆ ಅಪಾರ್ಟ್‌ಮೆಂಟು, ಫರಿನಾಟಾ, ಜೊತೆಗೆ ಒಂದೇ ಒಂದು ಹೊರಗಿನ ಊಟ, ಅದೂ ಸ್ಟೇಷನ್ ಹತ್ತಿರದ, ಮೆಟ್ಟಿಲು ಕಡಿಮೆ ಇರುವ ಜಾಗದಲ್ಲಿ. ಈ ದೃಷ್ಟಿಯಿಂದ ಚಿಂಕ್ವೆ ಟೆರ್ರೆಯಲ್ಲಿ ಮೊಂಟೆರೊಸ್ಸೊ ಎಲ್ಲಕ್ಕಿಂತ ಸಮತಟ್ಟು. ಕಾಲೇಜು ಹುಡುಗರು, ಕೈಯಲ್ಲಿ ಕಾಸು ಕಡಿಮೆ ಎಂದರೆ ಎರಡು ಹೊತ್ತು ಫೊಕಾಚ್ಚಾ ತಿಂದು ಉಳಿಸಿ, ಆ ದುಡ್ಡಲ್ಲಿ ಒಂದು ತಟ್ಟೆ ಟ್ರೋಫಿಯೆ ತಿನ್ನಿ. ಪಿಜ್ಜಾ ಮೈಸೂರಿಗೆ ಬಂದ ಮೇಲೂ ತಿನ್ನಬಹುದು.

ಮೀನು, ಮೊಟ್ಟೆ ವಿಷಯದಲ್ಲಿ ಒಂದು ಉಪಾಯ ಇದೆ. ಯುರೋಪಿನಲ್ಲಿ ಹೋಟೆಲಿನವರು ಅಲರ್ಜಿ ತರುವ 14 ಪದಾರ್ಥಗಳ ಮಾಹಿತಿ ಕೊಡಲೇಬೇಕು. ಹಾಗಾಗಿ ಎಷ್ಟೋ ಮೆನುಗಳಲ್ಲಿ ಐಟಂ ಪಕ್ಕ ಸಣ್ಣ ಅಂಕಿಗಳಿರುತ್ತವೆ. ಸಾಮಾನ್ಯವಾಗಿ 2 ಸಿಗಡಿ ಏಡಿ, 3 ಮೊಟ್ಟೆ, 4 ಮೀನು, 7 ಹಾಲು, 14 ಕಪ್ಪೆಚಿಪ್ಪಿನ ಜಾತಿ. ಕೆಳಗಿನ ವಿವರಣೆ ನೋಡಿ ಖಾತ್ರಿ ಮಾಡಿಕೊಳ್ಳಿ. ಮಾಂಸ ಈ ಪಟ್ಟಿಯಲ್ಲಿ ಇಲ್ಲ, ಅದನ್ನು ಬಾಯಿಬಿಟ್ಟೇ ಕೇಳಬೇಕು. ಬರೀ "ವೆಜಿಟೇರಿಯನ್" ಎಂದರೆ ಆಂಕೊವಿಯ ಒಂದು ಚೂರು ಇದ್ದರೇನು ಎಂದುಕೊಳ್ಳುವವರೂ ಇದ್ದಾರೆ. "ಸೆನ್ಜಾ ಕಾರ್ನೆ, ಸೆನ್ಜಾ ಪೆಶ್ಶೆ, ಸೆನ್ಜಾ ಉವೋವಾ" ಎಂದು ಬಿಡಿಸಿ ಹೇಳಿ. ಮಾಂಸ, ಮೀನು, ಮೊಟ್ಟೆ ಮೂರೂ ಬೇಡ ಎಂದರ್ಥ. ಚೀಸೂ ಬೇಡವಾದರೆ "ಸೆನ್ಜಾ ಫೊರ್ಮಾಜ್ಜೊ" ಸೇರಿಸಿ.

ಯಾವಾಗ ಹೋಗುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮೇ ತಿಂಗಳ ರಜೆ ಈ ಊರುಗಳಿಗೆ ಬಹಳ ಚೆನ್ನ, ಕಮೋಲಿಯಲ್ಲಿ ಮೀನಿನ ಹಬ್ಬವೂ ಮೇ ತಿಂಗಳಲ್ಲೇ. ದಸರಾ ರಜೆಯಲ್ಲಿ ಹೊರಡುವವರು ಮಳೆಗೆ ತಯಾರಾಗಿ. ಅಕ್ಟೋಬರ್, ನವೆಂಬರ್ ಅಲ್ಲಿ ಜೋರು ಮಳೆಯ ಕಾಲ, 2011ರ ಅಕ್ಟೋಬರ್ 25ರಂದು ವೆರ್ನಾಜಾ, ಮೊಂಟೆರೊಸ್ಸೊ ಎರಡೂ ಪ್ರವಾಹಕ್ಕೆ ಸಿಕ್ಕಿ ನಲುಗಿದ್ದವು. ಹವಾಮಾನ ಎಚ್ಚರಿಕೆ ಬಂದರೆ ಊಟದ ಬುಕಿಂಗ್ ಹೋದರೆ ಹೋಗಲಿ, ರೂಮಿನಲ್ಲೇ ಇರಿ. ಆಗಸ್ಟ್‌ನಲ್ಲಿ ಇಟಲಿಯವರೇ ಎಲ್ಲ ಕಡಲಿಗೆ ಬರುತ್ತಾರೆ. ನಮ್ಮ ಸ್ವಾತಂತ್ರ್ಯ ದಿನದಂದೇ ಅವರ ಫೆರ್ರಾಗೊಸ್ಟೊ ರಜೆ, ಆ ವಾರ ಬುಕ್ ಮಾಡದೆ ಯಾವ ಸಣ್ಣ ಹೋಟೆಲಿನ ಬಾಗಿಲಿಗೂ ಹೋಗಬೇಡಿ. ಉಳಿದ ದಿನಗಳಲ್ಲಿ ಹಿಂದಿನ ದಿನ ಸಂಜೆ ನಡೆದುಕೊಂಡು ಹೋಗಿ ಹೆಸರು ಬರೆಸಿ ಬಂದರೆ ಸಾಕು. ಆಗಲೇ ಎರಡು ವಿಷಯ ಕೇಳಿಕೊಳ್ಳಿ: ವಾರದ ರಜೆ ಯಾವತ್ತು, ನಿಮಗೆ ಬೇಡದ ಪದಾರ್ಥ ಬಿಟ್ಟು ಯಾವ ಯಾವ ತಟ್ಟೆ ಮಾಡಿಕೊಡಬಲ್ಲರು.